ಶಿವಮೊಗ್ಗದಿಂದ ಊಟಿ, ಮುನ್ನಾರ್‌ಗೆ ಸ್ವಂತ ಕಾರಿನಲ್ಲಿ: ಮೂರು ರಾಜ್ಯಗಳ ಪ್ರವಾಸಕ್ಕೆ ಸಿದ್ಧತೆ

ಶಿವಮೊಗ್ಗದಿಂದ ಊಟಿಗೆ ಸುಮಾರು 400 ಕಿಲೋಮೀಟರ್ ದೂರವಿದೆ. ಅಲ್ಲಿಂದ ಮೆಟ್ಟುಪಾಳ್ಯಂ, ಕೊಯಮತ್ತೂರು, ಪೊಳ್ಳಾಚಿ, ಉಡುಮಲಪೇಟೆಗಳ ಮೂಲಕ ಮುನ್ನಾರ್ ತಲುಪಲು ಮತ್ತೆ 250 ಕಿ.ಮೀ. ಸಾಗಬೇಕು. ಹೋಗಿಬರುವ ದಾರಿಯ ಜೊತೆಗೆ ಅಲ್ಲಿನ ಸುತ್ತಾಟವನ್ನೂ ಸೇರಿಸಿದರೆ ಒಟ್ಟು 1,400 ಕಿ.ಮೀ. ಆಸುಪಾಸಿನ ಪ್ರವಾಸವಿದು. ನಾಲ್ಕು ಪಥದ ಹೆದ್ದಾರಿಯಲ್ಲಾದರೆ ಇಷ್ಟು ದೂರ ದೊಡ್ಡ ವಿಷಯವಲ್ಲ. ಆದರೆ ಈ ದಾರಿ ಬಂಡೀಪುರ–ಮುದುಮಲೆ, ಚಿನ್ನಾರ್ ಮತ್ತು ಸತ್ಯಮಂಗಲದ ಕಾಡುಗಳನ್ನು ಹಾದುಹೋಗುತ್ತದೆ; ಅಲ್ಲೆಲ್ಲ ರಾತ್ರಿ ಗೇಟು ಬೀಳುತ್ತದೆ. ನಡುನಡುವೆ ಬರುವ ಘಾಟಿಗಳಲ್ಲಿ ಕತ್ತಲಾದ ಮೇಲೆ, ಮಂಜು ಇಳಿದ ಮೇಲೆ ಹೊಸಬರು ಗಾಡಿ ಓಡಿಸುವುದು ಕ್ಷೇಮವಲ್ಲ. ಆದ್ದರಿಂದ ಯೋಜನೆಯನ್ನು ಕಿಲೋಮೀಟರ್ ಲೆಕ್ಕದಿಂದ ಶುರು ಮಾಡದೆ ಗೇಟುಗಳ ವೇಳೆಯಿಂದ ಶುರು ಮಾಡಬೇಕು. ಯಾವ ಗೇಟನ್ನು ಎಷ್ಟು ಗಂಟೆಗೆ ದಾಟುತ್ತೇವೆ ಎಂಬುದು ನಿಶ್ಚಯವಾದರೆ ಹೊರಡುವ ಹೊತ್ತು, ತಂಗುವ ಊರು, ಊಟದ ನಿಲುಗಡೆ ಎಲ್ಲವೂ ತಾವಾಗಿಯೇ ನಿಶ್ಚಯವಾಗುತ್ತವೆ.

ಆಗುಂಬೆ, ಹುಲಿಕಲ್ಲು ಘಾಟಿಗಳಲ್ಲಿ ಓಡಾಡಿದವರಿಗೆ ಇಷ್ಟೆಲ್ಲ ಪೀಠಿಕೆ ಏಕೆಂದು ಅನ್ನಿಸಬಹುದು. ಮಲೆನಾಡಿನ ಚಾಲಕರಿಗೆ ತಿರುವಿನ ಅಭ್ಯಾಸವಿದೆ ಎಂಬುದು ನಿಜ. ಆದರೆ ನಮ್ಮ ಘಾಟಿಗಳು ಗಿಡ್ಡವು. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಬ್ರೇಕ್ ಬಿಸಿಯಾಗುವುದಕ್ಕೂ ಸಮಯವಿರುವುದಿಲ್ಲ. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿರುವ ಊಟಿಯಿಂದ ಮೆಟ್ಟುಪಾಳ್ಯಂಗೆ ಇಳಿಯುವಾಗ ಐವತ್ತು ಕಿ.ಮೀ. ದಾರಿಯಲ್ಲಿ ಸುಮಾರು 1,900 ಮೀಟರ್ ಕೆಳಕ್ಕೆ ಬರುತ್ತೇವೆ. ಅದು ಬೇರೆಯೇ ತರಹದ ಇಳಿಜಾರು. ಅದರ ಮಾತನ್ನು ಮುಂದೆ ವಿವರವಾಗಿ ನೋಡೋಣ.

ಯಾವ ತಿಂಗಳಲ್ಲಿ ಹೊರಡಬೇಕು

ಅಡಿಕೆ ಬೆಳೆಗಾರರ ಮನೆಗಳಲ್ಲಿ ಕೊಯ್ಲು, ಸುಲಿತ, ಬೇಯಿಸುವ ಕೆಲಸಗಳೆಲ್ಲ ಮುಗಿದು ಕೈ ಬಿಡುವಾಗುವುದು ಫೆಬ್ರವರಿಯ ಹೊತ್ತಿಗೆ. ಹವಾಮಾನದ ದೃಷ್ಟಿಯಿಂದ ಈ ಪ್ರವಾಸಕ್ಕೆ ಅದು ಒಳ್ಳೆಯ ಕಾಲವೇ. ಒಂದೇ ಕೊರತೆಯೆಂದರೆ, ಮುನ್ನಾರ್ ಬಳಿಯ ಇರವಿಕುಳಂ ರಾಷ್ಟ್ರೀಯ ಉದ್ಯಾನವನ್ನು ನೀಲಗಿರಿ ತಾರ್ ಎಂಬ ಕಾಡಾಡುಗಳು ಮರಿ ಹಾಕುವ ಕಾಲವೆಂದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಪ್ರವಾಸಿಗರಿಗೆ ಮುಚ್ಚಿರುತ್ತಾರೆ. ಆ ಉದ್ಯಾನವನ್ನೇ ನೋಡಬೇಕೆಂಬ ಆಸೆಯಿದ್ದರೆ ಜನವರಿಯ ಕೊನೆಯ ವಾರವನ್ನೋ, ಮಕ್ಕಳ ಪರೀಕ್ಷೆ ಮುಗಿದ ಮೇಲಿನ ಏಪ್ರಿಲ್ ಮೊದಲ ವಾರವನ್ನೋ ಆರಿಸಿಕೊಳ್ಳಬೇಕು. ಜನವರಿ ಮಧ್ಯದಲ್ಲಿ ತಮಿಳುನಾಡಿನಲ್ಲಿ ಪೊಂಗಲ್ ರಜೆ ಇರುವುದರಿಂದ ಊಟಿಯಲ್ಲಿ ಜನಜಂಗುಳಿ ಇರುತ್ತದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಸೀಸನ್ನಿನಲ್ಲಂತೂ ಗುಡ್ಡ ನೋಡುವುದಕ್ಕಿಂತ ಮುಂದಿನ ಕಾರಿನ ಹಿಂಬದಿ ನೋಡುವುದೇ ಹೆಚ್ಚಾಗುತ್ತದೆ. ಶಾಲೆಯ ರಜೆಗೆ ಕಟ್ಟುಬೀಳದವರು ಆ ಹೊತ್ತನ್ನು ಬಿಡುವುದೇ ಮೇಲು.

ಮಳೆಯ ವಿಷಯದಲ್ಲಿ ನಮ್ಮೂರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸೆಪ್ಟೆಂಬರ್ ಕಳೆದರೆ ಮಳೆಗಾಲ ಮುಗಿಯಿತು ಎಂದು ಶಿವಮೊಗ್ಗದವರು ಭಾವಿಸುತ್ತೇವೆ. ನೀಲಗಿರಿಯ ಪೂರ್ವದ ಇಳಿಜಾರಾದ ಕೂನೂರು, ಕೋಟಗಿರಿ, ಬರ್ಲಿಯಾರ್ ಕಡೆಗೆ ದೊಡ್ಡ ಮಳೆ ಬರುವುದೇ ಅಕ್ಟೋಬರ್, ನವೆಂಬರ್ ತಿಂಗಳ ಈಶಾನ್ಯ ಮಾರುತದಿಂದ. 2009ರ ನವೆಂಬರ್‌ನಲ್ಲಿ ಅಲ್ಲಿ ಸಂಭವಿಸಿದ ಭೂಕುಸಿತಗಳಲ್ಲಿ ಹಲವರು ಸತ್ತರು, ರಸ್ತೆ, ರೈಲು ಎರಡೂ ನಿಂತುಹೋದವು. ಮುನ್ನಾರ್ ಭಾಗದಲ್ಲಿ ಅಪಾಯದ ಕಾಲ ಜೂನ್‌ನಿಂದ ಆಗಸ್ಟ್‌ವರೆಗೆ. 2020ರ ಆಗಸ್ಟ್‌ನಲ್ಲಿ ಮುನ್ನಾರ್ ಸಮೀಪದ ಪೆಟ್ಟಿಮುಡಿಯ ಚಹಾ ಕಾರ್ಮಿಕರ ಸಾಲುಮನೆಗಳ ಮೇಲೆ ಗುಡ್ಡ ಜರಿದಿತ್ತು. ಹೀಗೆ ಒಂದೇ ಪ್ರವಾಸದಲ್ಲಿ ಎರಡು ಮಳೆಗಾಲಗಳನ್ನು ಗಮನದಲ್ಲಿಡಬೇಕಾಗುವುದರಿಂದ ಡಿಸೆಂಬರ್ ಮಧ್ಯದಿಂದ ಮಾರ್ಚ್‌ವರೆಗಿನ ಅವಧಿಯೇ ಉಳಿದದ್ದಕ್ಕಿಂತ ಸುರಕ್ಷಿತ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಊಟಿಯ ತಗ್ಗುಗಳಲ್ಲಿ ಹುಲ್ಲಿನ ಮೇಲೆ ಹಿಮ ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ. ಮಲೆನಾಡಿನ ಚಳಿಗೆ ಸಾಕಾಗುವ ಶಾಲು ಅಲ್ಲಿ ಸಾಕಾಗದು. ಮಕ್ಕಳಿಗೆ, ವಯಸ್ಸಾದವರಿಗೆ ದಪ್ಪ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲುಚೀಲಗಳು ಬೇಕೇ ಬೇಕು.

ದಾರಿಯನ್ನು ದಿನಗಳಿಗೆ ಹಂಚುವುದು

ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಬಾಣಾವರ, ಅರಸೀಕೆರೆ, ಚನ್ನರಾಯಪಟ್ಟಣ, ಕೆ.ಆರ್. ಪೇಟೆ ದಾರಿಯಾಗಿ ಮೈಸೂರು ಸುಮಾರು 250 ಕಿ.ಮೀ. ಆಗುತ್ತದೆ. ತೀರ್ಥಹಳ್ಳಿ, ಕೊಪ್ಪ ಭಾಗದವರು ಚಿಕ್ಕಮಗಳೂರು, ಬೇಲೂರು, ಹಾಸನ, ಹೊಳೆನರಸೀಪುರದ ಮೇಲೆ ಹೋಗುವುದು ಅನುಕೂಲ. ಮೈಸೂರಿನಲ್ಲಿ ಊರೊಳಗೆ ಹೋಗದೆ ರಿಂಗ್ ರಸ್ತೆ ಹಿಡಿದು ನಂಜನಗೂಡಿನ ಕಡೆಗೆ ತಿರುಗಿದರೆ ಅಲ್ಲಿಂದ ಗುಂಡ್ಲುಪೇಟೆ ಒಂದೂವರೆ ಗಂಟೆಯೊಳಗಿನ ದಾರಿ.

ಬೆಳಗಿನ ಐದು ಗಂಟೆಗೆ ಮನೆ ಬಿಟ್ಟರೆ ಸಂಜೆಯೊಳಗೆ ಊಟಿ ಸೇರಬಹುದು ಎಂದು ಹೇಳುವವರು ಇದ್ದಾರೆ. ಸೇರಬಹುದು ನಿಜ, ಆದರೆ ಹತ್ತು ಗಂಟೆ ಓಡಿಸಿ ದಣಿದ ಚಾಲಕ, ಇಡೀ ದಿನದ ಅತಿ ಕಠಿಣ ಭಾಗವನ್ನು ಸಂಜೆಯ ಮಂಜಿನಲ್ಲಿ ಹತ್ತಬೇಕಾಗುತ್ತದೆ. ಮೊದಲ ರಾತ್ರಿ ಮೈಸೂರಿನಲ್ಲೋ ಗುಂಡ್ಲುಪೇಟೆಯಲ್ಲೋ ಉಳಿದು, ಮರುದಿನ ಬೆಳಿಗ್ಗೆ ಬಂಡೀಪುರದ ಗೇಟು ತೆರೆದ ಮೇಲೆ ಕಾಡು ದಾಟುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಎರಡು ರಾತ್ರಿ ಊಟಿ ಅಥವಾ ಕೂನೂರಿನಲ್ಲಿ ಕಳೆದು ನಾಲ್ಕನೆಯ ದಿನ ಕೆಳಗಿಳಿದು ಪೊಳ್ಳಾಚಿಯಲ್ಲಿ ಅಥವಾ ಉಡುಮಲಪೇಟೆಯಲ್ಲಿ ತಂಗಬೇಕು. ಬಯಲಿನ ಈ ಊರುಗಳಲ್ಲಿ ಒಂದು ರಾತ್ರಿ ವ್ಯರ್ಥ ಎಂದು ಕಾಣಿಸಬಹುದು. ಆದರೆ ಊಟಿಯಿಂದ ಹೊರಟು ಅದೇ ದಿನ ಮುನ್ನಾರ್ ಸೇರಬೇಕೆಂದರೆ ಒಂದು ದೊಡ್ಡ ಇಳಿಜಾರು, ಕೊಯಮತ್ತೂರಿನ ವಾಹನ ದಟ್ಟಣೆ, ಚಿನ್ನಾರ್ ಕಾಡು, ಮತ್ತೊಂದು ಏರು ಇವೆಲ್ಲವೂ ಒಂದೇ ದಿನಕ್ಕೆ ಬೀಳುತ್ತವೆ. ಐದನೆಯ ದಿನ ಬೆಳಿಗ್ಗೆ ಚಿನ್ನಾರ್ ದಾಟಿ ಮರಯೂರಿನ ಮೇಲೆ ಮುನ್ನಾರ್‌ಗೆ ಹೋಗಿ ಅಲ್ಲಿ ಎರಡು ರಾತ್ರಿ ಇರಬೇಕು; ಏಳನೆಯ ದಿನ ಇಳಿದು ಸತ್ಯಮಂಗಲ ಅಥವಾ ಚಾಮರಾಜನಗರದವರೆಗೆ ಬಂದು, ಎಂಟನೆಯ ದಿನ ಮನೆ ಮುಟ್ಟಬೇಕು. ಎಂಟು ದಿನ ರಜೆ ಸಿಗದವರು ಮುನ್ನಾರನ್ನು ಕೈಬಿಟ್ಟು ನೀಲಗಿರಿಯಷ್ಟನ್ನೇ ನಾಲ್ಕು ದಿನದಲ್ಲಿ ನೋಡಿ ಬರಲಿ. ಎರಡನ್ನೂ ಐದು ದಿನದಲ್ಲಿ ತುರುಕುವುದಂತೂ ಬೇಡ.

ಕಾಗದಪತ್ರ ಮತ್ತು ಇ-ಪಾಸ್

ಸ್ವಂತ ಬಳಕೆಯ ಬಿಳಿ ಬೋರ್ಡಿನ ಕಾರಿಗೆ ಪ್ರವಾಸಕ್ಕಾಗಿ ಬೇರೆ ರಾಜ್ಯದಲ್ಲಿ ರಸ್ತೆ ತೆರಿಗೆ ಕಟ್ಟಬೇಕಾಗಿಲ್ಲ. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇರಿಸಿಕೊಂಡಾಗ ಮಾತ್ರ ಮೋಟಾರು ವಾಹನ ಕಾಯ್ದೆಯ 47ನೆಯ ಸೆಕ್ಷನ್ ಪ್ರಕಾರ ಮರುನೋಂದಣಿಯ ಪ್ರಶ್ನೆ ಏಳುತ್ತದೆ. ಆರ್‌ಸಿ, ಚಾಲನಾ ಪರವಾನಗಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಇಷ್ಟಿದ್ದರೆ ಸಾಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ದಾಖಲೆಗಳಿಗೆ ಮಾನ್ಯತೆ ಇದೆ. ಆದರೂ ಗಡಿಯ ಕಾಡುಗಳಲ್ಲಿ ನೆಟ್‌ವರ್ಕ್ ಸಿಗದ ಕಾರಣ ಮುದ್ರಿತ ಪ್ರತಿಗಳ ಒಂದು ಕಡತ ಡ್ಯಾಶ್‌ಬೋರ್ಡಿನಲ್ಲಿ ಇರಲಿ. ಅಣ್ಣನ ಕಾರೋ, ಭಾವನ ಕಾರೋ ತೆಗೆದುಕೊಂಡು ಹೊರಟಿದ್ದರೆ ಮಾಲೀಕರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡು ಹೋಗುವುದು ಒಳ್ಳೆಯದು.

ಬಾಡಿಗೆ ವಾಹನದ ಮಾತು ಬೇರೆ. ಹಳದಿ ಬೋರ್ಡಿನ ವಾಹನಕ್ಕೆ ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು; ಇಲ್ಲದಿದ್ದರೆ ಆಯಾ ರಾಜ್ಯದ ತೆರಿಗೆ ಕಟ್ಟಬೇಕಾಗುತ್ತದೆ, ಅದನ್ನು ಯಾರು ಕಟ್ಟುವುದು ಎಂಬ ಚರ್ಚೆ ಚೆಕ್‌ಪೋಸ್ಟಿನ ಮುಂದೆ ನಡೆಯಬಾರದು. ಪರಿಚಯದವರ ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ ಸಂಗತಿಯಾದರೂ ಅದು ಕಾನೂನಿಗೆ ವಿರುದ್ಧ, ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕು.

ಇಡೀ ಪ್ರವಾಸದಲ್ಲಿ ಮರೆತರೆ ಗಡಿಯಲ್ಲೇ ನಿಲ್ಲಬೇಕಾದ ಕಾಗದವೆಂದರೆ ನೀಲಗಿರಿಯ ಇ-ಪಾಸ್. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆ ಮತ್ತು ಕೊಡೈಕೆನಾಲ್‌ಗೆ ಹೋಗುವ ಹೊರಗಿನ ವಾಹನಗಳಿಗೆ ಇದು ಕಡ್ಡಾಯವಾಗಿದೆ. ತಮಿಳುನಾಡು ಸರ್ಕಾರದ ಇ-ಪಾಸ್ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆಯಿಂದ ಪ್ರವೇಶಿಸಿ, ವಾಹನದ ನೋಂದಣಿ ಸಂಖ್ಯೆ, ಪ್ರಯಾಣಿಕರ ಸಂಖ್ಯೆ, ಬರುವ ಮತ್ತು ಹೋಗುವ ದಿನ, ತಂಗುವ ಸ್ಥಳ ಇವುಗಳನ್ನು ತುಂಬಿದರೆ ಕ್ಯೂಆರ್ ಕೋಡ್ ಇರುವ ಪಾಸ್ ಬರುತ್ತದೆ, ಇದಕ್ಕೆ ಶುಲ್ಕವಿಲ್ಲ. ಹಣ ಕೊಟ್ಟರೆ ಮಾಡಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದು ಮಿತಿ ಹಾಕಲಾಗಿತ್ತು. ಆದ್ದರಿಂದ ಬೇಸಿಗೆಯಲ್ಲಿ ಹೋಗುವವರು ಮೊದಲು ಪಾಸ್ ಪಡೆದು ಆಮೇಲೆ ಕೋಣೆ ಕಾದಿರಿಸಬೇಕು; ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಪಾಸಿನ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡು ಒಂದು ಪ್ರತಿಯನ್ನು ಮುದ್ರಿಸಿಕೊಳ್ಳಿ, ಏಕೆಂದರೆ ಅದನ್ನು ತೋರಿಸಬೇಕಾದ ಕೆಕ್ಕನಹಳ್ಳದ ಗಡಿ ಕಾಡಿನ ನಡುವೆಯೇ ಇದೆ. ಉಡುಮಲಪೇಟೆಯಿಂದ ಮುನ್ನಾರ್‌ಗೆ ಹೋಗಲು ಇಂಥ ಪಾಸ್ ಬೇಕಾಗಿಲ್ಲ.

ನೀಲಗಿರಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧವಿದೆ. ನೀರಿನ ಬಾಟಲಿ, ಕೈಚೀಲ, ತಟ್ಟೆ, ಲೋಟ ಇವುಗಳಿಗಾಗಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುತ್ತಾರೆ. ಮನೆಯಿಂದಲೇ ಸ್ಟೀಲ್ ಬಾಟಲಿಗಳನ್ನೂ ಬಟ್ಟೆಯ ಚೀಲಗಳನ್ನೂ ಒಯ್ಯಿರಿ. ದಾರಿಗೆ ಕಟ್ಟಿಕೊಂಡ ಚಕ್ಕುಲಿ, ಕೋಡುಬಳೆ, ಬಾಳೆಕಾಯಿ ಚಿಪ್ಸ್ ಡಬ್ಬಿಯಲ್ಲಿರಲಿ.

ಫಾಸ್ಟ್ಯಾಗ್‌ನಲ್ಲಿ ಹಣ ಇದೆಯೇ, ಕೆವೈಸಿ ಪೂರ್ಣವಾಗಿದೆಯೇ ಎಂದು ಹೊರಡುವ ಹಿಂದಿನ ವಾರವೇ ನೋಡಿಕೊಳ್ಳಬೇಕು. 2025ರ ನವೆಂಬರ್ 15ರಿಂದ, ಟ್ಯಾಗ್ ಕೆಲಸ ಮಾಡದಿದ್ದಾಗ ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ಟೋಲ್ ಕಟ್ಟಬೇಕಾಗುತ್ತದೆ.

ಕಾರನ್ನು ಗ್ಯಾರೇಜಿನಲ್ಲಿ ತೋರಿಸುವಾಗ

ಹೊರಡುವುದಕ್ಕೆ ಎರಡು ವಾರ ಮೊದಲು ಕಾರನ್ನು ತೋರಿಸಿದರೆ ಬೇಕಾದ ಬಿಡಿಭಾಗ ತರಿಸುವುದಕ್ಕೂ, ಹಾಕಿದ ಮೇಲೆ ನಾಲ್ಕು ದಿನ ಓಡಿಸಿ ನೋಡುವುದಕ್ಕೂ ಸಮಯ ಸಿಗುತ್ತದೆ. ‘ಜನರಲ್ ಚೆಕಪ್ ಮಾಡಿ’ ಎಂದು ಹೇಳಿ ಬಂದರೆ ಕಾರು ತೊಳೆದು ಕೊಡುತ್ತಾರೆ ಅಷ್ಟೆ. ಕೇಳಬೇಕಾದದ್ದನ್ನು ಹೆಸರಿಟ್ಟು ಕೇಳಬೇಕು: ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್, ಹಿಂದಿನ ಬ್ರೇಕ್ ಶೂ ಎಷ್ಟು ಸವೆದಿವೆ ಎಂದು ತೋರಿಸಲು ಹೇಳಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷವಾಗಿದ್ದರೆ ಈಗಲೇ ಬದಲಿಸಿ; ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ, ಉದ್ದದ ಇಳಿಜಾರಿನಲ್ಲಿ ಬಿಸಿಯಾದಾಗ ಅದರೊಳಗೆ ಆವಿಯ ಗುಳ್ಳೆ ಎದ್ದು ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಮಳೆ ಹೆಚ್ಚಿರುವ ನಮ್ಮ ಕಡೆಯ ವಾಹನಗಳಿಗೆ ಇದು ಇನ್ನಷ್ಟು ಅನ್ವಯಿಸುವ ಮಾತು. ಕೂಲೆಂಟ್ ಮಟ್ಟ, ರೇಡಿಯೇಟರ್ ಹೋಸ್, ಫ್ಯಾನ್, ಬ್ಯಾಟರಿ, ವೈಪರ್ ರಬ್ಬರ್, ಮಂಜಿನ ದೀಪಗಳನ್ನೂ ನೋಡಿಸಬೇಕು. ಟೈರಿನ ಎಳೆಗಳ ಆಳ ಕಾನೂನಿನಂತೆ 1.6 ಮಿ.ಮೀ. ಇದ್ದರೂ ಸಾಕು ಎನ್ನುತ್ತಾರೆ, ಘಾಟಿಗೆ ಅದು ಸಾಲದು. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜ್ಯಾಕ್ ಮತ್ತು ಪಾನ ಇವೆಯೇ ಎಂದು ನೀವೇ ಕೈಯಾರೆ ನೋಡಿ.

ಜೀಪು, ಪಿಕಪ್ ಮಾದರಿಯ ವಾಹನಗಳ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವ ಅಭ್ಯಾಸ ನಮ್ಮ ತೋಟದ ಸೀಮೆಯಲ್ಲಿ ಹೆಚ್ಚು. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಅದು ಕಾನೂನುಬಾಹಿರವೆಂದು ರಾಜ್ಯಗಳಿಗೆ ತಿಳಿಸಿದೆ. ಊರಲ್ಲಿ ಯಾರೂ ಕೇಳದಿದ್ದರೂ ಹೊರ ರಾಜ್ಯದ ನಂಬರ್ ಪ್ಲೇಟಿರುವ ವಾಹನವನ್ನು ಕೇಳುತ್ತಾರೆ. ಕಣ್ಣು ಕುಕ್ಕುವ ಹೆಚ್ಚುವರಿ ಎಲ್‌ಇಡಿ ಪಟ್ಟಿಗಳಿಗೂ ಇದೇ ಮಾತು. ಕೇರಳದಲ್ಲಿ 2023ರ ಜೂನ್‌ನಿಂದ ರಸ್ತೆಗಳಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳು ಕೆಲಸ ಮಾಡುತ್ತಿವೆ. ಸೀಟ್ ಬೆಲ್ಟ್ ಹಾಕದೆ, ಫೋನ್ ಹಿಡಿದು ಓಡಿಸಿದ್ದರ ದಂಡ ಮನೆಗೆ ಬಂದ ಮೇಲೆ ಸಂದೇಶವಾಗಿ ಬರುತ್ತದೆ.

ಕಾಡಿನೊಳಗಿನ ರಸ್ತೆ

ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. 2009ರಿಂದ ಜಾರಿಯಲ್ಲಿರುವ ಈ ನಿಯಮ ಊಟಿ ರಸ್ತೆ, ವಯನಾಡು ರಸ್ತೆ ಎರಡಕ್ಕೂ ಅನ್ವಯಿಸುತ್ತದೆ. ಗುಂಡ್ಲುಪೇಟೆಯಲ್ಲಿ ಟ್ಯಾಂಕ್ ತುಂಬಿಸಿ, ತಿಂಡಿ, ಶೌಚ ಎಲ್ಲ ಮುಗಿಸಿಕೊಂಡು ಕಾಡಿಗೆ ಇಳಿಯಬೇಕು; ಒಳಗೆ ಗಾಡಿ ನಿಲ್ಲಿಸುವುದು, ಇಳಿಯುವುದು, ಜಿಂಕೆ, ಕೋತಿಗಳಿಗೆ ತಿನಿಸು ಎಸೆಯುವುದು ಎಲ್ಲಕ್ಕೂ ದಂಡವಿದೆ. ದಂಡಕ್ಕಿಂತ ದೊಡ್ಡ ಕಾರಣ ಆನೆ. ಸಕ್ರೆಬೈಲಿನಲ್ಲಿ ತುಂಗೆಯ ನೀರಿನಲ್ಲಿ ಮೈ ತಿಕ್ಕಿಸಿಕೊಳ್ಳುವ ಆನೆಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಆನೆಯೆಂದರೆ ಸಲುಗೆ. ಕಾಡಾನೆ ಆ ಜಾತಿಯದಲ್ಲ ಎಂದು ಅವರಿಗೆ ಮೊದಲೇ ಹೇಳಿಡಬೇಕು. ರಸ್ತೆಯಲ್ಲಿ ಆನೆ ಕಂಡರೆ ಸಾಕಷ್ಟು ದೂರದಲ್ಲೇ ನಿಂತು, ಇಂಜಿನ್ ಆರಿಸದೆ, ಹಾರ್ನ್ ಮಾಡದೆ, ದೀಪ ಮಿನುಗಿಸದೆ, ಕಿಟಕಿ ಏರಿಸಿಕೊಂಡು ಕಾಯಬೇಕು. ಅದು ನಿಮ್ಮ ಕಡೆ ತಿರುಗಿ ಕಿವಿ ಅಗಲಿಸಿ ನಿಂತರೆ ನಿಧಾನವಾಗಿ ಹಿಂದಕ್ಕೆ ತೆಗೆಯಬೇಕು. ಹಿಂದಕ್ಕೆ ಹೋಗಲು ಜಾಗ ಉಳಿಯಬೇಕಾದರೆ ಮುಂದಿನ ವಾಹನಕ್ಕೆ ಅಂಟಿಕೊಂಡು ನಿಂತಿರಬಾರದು. ಮುನ್ನಾರ್ ಸುತ್ತಮುತ್ತ ಪಡಯಪ್ಪ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಾಡಾನೆ ರಸ್ತೆಗೂ ಅಂಗಡಿ ಸಾಲಿಗೂ ಬರುವುದುಂಟು. ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಹೋಗುವುದನ್ನು ಧೈರ್ಯವೆಂದು ಯಾರೂ ಕರೆಯಲಾರರು.

ಉಡುಮಲಪೇಟೆಯಿಂದ ಮುನ್ನಾರ್‌ಗೆ ಹೋಗುವ ಸುಮಾರು 90 ಕಿ.ಮೀ. ರಸ್ತೆ ಮೊದಲು ತಮಿಳುನಾಡಿನ ಆನೆಮಲೆ ಹುಲಿ ಸಂರಕ್ಷಿತ ಪ್ರದೇಶವನ್ನೂ ಬಳಿಕ ಕೇರಳದ ಚಿನ್ನಾರ್ ವನ್ಯಧಾಮವನ್ನೂ ಹಾಯುತ್ತದೆ. ಇಲ್ಲಿಯೂ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹಗಲು ಹತ್ತರೊಳಗೆ ಚಿನ್ನಾರ್ ಚೆಕ್‌ಪೋಸ್ಟ್ ತಲುಪುವಂತೆ ಹೊರಟರೆ ಚಿಂತೆಯಿಲ್ಲ. ಚಿನ್ನಾರ್ ಮಳೆನೆರಳಿನ ಒಣ ಕಾಡು. ದಟ್ಟ ಹಸಿರನ್ನು ನಿರೀಕ್ಷಿಸಿ ಬಂದ ಮಲೆನಾಡಿಗರಿಗೆ ಇದು ಅಚ್ಚರಿಯೇ. ಮುಂದೆ ಸಿಗುವ ಮರಯೂರು ಶ್ರೀಗಂಧದ ಕಾಡಿಗೂ ಬೆಲ್ಲಕ್ಕೂ ಹೆಸರಾದ ಊರು. ಅಲ್ಲಿನ ಬೆಲ್ಲಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಉಂಡೆ ಬೆಲ್ಲವನ್ನು ಧಾರಾಳವಾಗಿ ಕೊಳ್ಳಿರಿ. ಗಂಧದ ಚೆಕ್ಕೆ ಎಂದು ರಸ್ತೆ ಬದಿಯಲ್ಲಿ ಯಾರಾದರೂ ಚಾಚಿದರೆ ಮಾತ್ರ ಮುಟ್ಟಬೇಡಿ. ಗಂಧದ ಕಾನೂನು ಎಷ್ಟು ಬಿಗಿ ಎಂಬುದನ್ನು ಸಾಗರ, ಸೊರಬದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾಡುಗಳಲ್ಲಿ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು, ಮುಖ್ಯ ತಿರುವುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರಬೇಕು. ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033 ಸಂಖ್ಯೆಗಳು ಮೂರೂ ರಾಜ್ಯಗಳಲ್ಲಿ ಬಳಕೆಯಲ್ಲಿವೆ.

ಹತ್ತುವುದು, ಅದಕ್ಕಿಂತ ಮುಖ್ಯವಾಗಿ ಇಳಿಯುವುದು

ಮುದುಮಲೆಯ ತೆಪ್ಪಕಾಡಿನಲ್ಲಿ ಊಟಿಗೆ ಎರಡು ದಾರಿಗಳು ಕವಲೊಡೆಯುತ್ತವೆ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿಯ ದಾರಿ. ಸುಮಾರು 30 ಕಿ.ಮೀ. ಉಳಿಯುತ್ತದೆ, ಆದರೆ 36 ಹೇರ್‌ಪಿನ್ ತಿರುವುಗಳ ಕಡಿದಾದ ಏರು. ಬಲಕ್ಕೆ ಗೂಡಲೂರಿನ ದಾರಿ. ಉದ್ದವಾದರೂ ಏರು ಸೌಮ್ಯ, ರಸ್ತೆ ಅಗಲ. ಫೋನಿನ ನಕ್ಷೆ ಸಾಮಾನ್ಯವಾಗಿ ಮೊದಲನೆಯದನ್ನೇ ತೋರಿಸುತ್ತದೆ. ಐದಾರು ಜನ, ಸಾಮಾನು ತುಂಬಿದ ಸಣ್ಣ ಇಂಜಿನ್ನಿನ ಕಾರು, ಅಥವಾ ಗುಡ್ಡದ ಅಭ್ಯಾಸವಿಲ್ಲದ ಚಾಲಕರಿದ್ದರೆ ನಕ್ಷೆಯ ಮಾತು ಕೇಳದೆ ಗೂಡಲೂರಿನ ಮೇಲೆ ಹೋಗಬೇಕು. ಅಪಘಾತಗಳು ಹೆಚ್ಚಿದ್ದರಿಂದ ಕಲ್ಲಟ್ಟಿ ಘಾಟಿಯನ್ನು ಇಳಿಯಲು ಹೊರ ಜಿಲ್ಲೆಯ ವಾಹನಗಳಿಗೆ ನಿರ್ಬಂಧ ಹಾಕಲಾಗಿದೆ. ಆದ್ದರಿಂದ ಊಟಿಯಿಂದಲೇ ಹಿಂದಿರುಗುವವರು ಮರಳುವಾಗ ಗೂಡಲೂರಿನ ದಾರಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಹತ್ತುವಾಗ ಎಸಿ ಆರಿಸಿ ಎರಡನೆಯ ಗೇರಿನಲ್ಲಿ ಒಂದೇ ವೇಗದಲ್ಲಿ ಹೋದರೆ ಇಂಜಿನ್ ಕಾಯುವುದಿಲ್ಲ. ತಿರುವಿಗೆ ಬರುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು, ತಿರುವಿನ ನಡುವೆ ಕ್ಲಚ್ ಒತ್ತಬಾರದು. ಕಡಿದಾದ ಕಿರಿದಾದ ಜಾಗದಲ್ಲಿ ಎದುರುಬದುರಾದರೆ ಹತ್ತುವ ವಾಹನಕ್ಕೆ ದಾರಿ ಬಿಡುವುದು ನಿಯಮ. ಇದು ಮರ್ಯಾದೆಯ ಪ್ರಶ್ನೆಯಲ್ಲ, ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟ ಎಂಬ ಕಾರಣಕ್ಕೆ ಮಾಡಿದ್ದು.

ಇಳಿಯುವುದಕ್ಕೆ ಹಳೆಯ ಲಾರಿ ಚಾಲಕರ ಸೂತ್ರವೇ ಸರಿ: ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ. ಗಾಡಿಯನ್ನು ಹಿಡಿದಿಡುವ ಕೆಲಸವನ್ನು ಇಂಜಿನ್ ಮಾಡಬೇಕು, ಬ್ರೇಕ್ ಅದಕ್ಕೆ ಸಹಾಯ ಮಾಡಬೇಕು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ವೇಗ ಹೆಚ್ಚಾಯಿತು ಅನ್ನಿಸಿದಾಗ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಮತ್ತೆ ಪೂರ್ತಿ ಬಿಡಬೇಕು. ಬಿಟ್ಟ ಆ ಹೊತ್ತಿನಲ್ಲಿಯೇ ಬ್ರೇಕ್ ತಣ್ಣಗಾಗುವುದು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ, ಇಂಜಿನ್ ಆರಿಸುವ ಚಾಳಿ ಪ್ರಾಣಕ್ಕೆ ಕುತ್ತು, ಏಕೆಂದರೆ ಇಂಜಿನ್ ಆರಿದರೆ ಪವರ್ ಬ್ರೇಕ್, ಪವರ್ ಸ್ಟೀರಿಂಗ್ ಎರಡೂ ಬಿಗಿಯಾಗುತ್ತವೆ. ಆಟೊಮ್ಯಾಟಿಕ್ ಕಾರಿನಲ್ಲಿ ಡಿ ಮೇಲೆ ಬಿಟ್ಟು ಇಳಿಯದೆ ಎಲ್ ಅಥವಾ ಮ್ಯಾನುವಲ್ ಸ್ಥಿತಿಗೆ ಹಾಕಿಕೊಳ್ಳಬೇಕು. ಬಾಡಿಗೆಗೆ ಹೊಸ ಕಾರು ಹಿಡಿದವರು ಆ ಗುಂಡಿ ಎಲ್ಲಿದೆ ಎಂದು ಬಯಲಿನಲ್ಲೇ ನೋಡಿಕೊಳ್ಳಲಿ. ವಿದ್ಯುತ್ ಕಾರಿನವರು ಇಳಿಯುವ ದಿನ ಬೆಳಿಗ್ಗೆ ಬ್ಯಾಟರಿಯನ್ನು ಪೂರ್ತಿ ತುಂಬಿಸಬಾರದು. ತುಂಬಿದ ಬ್ಯಾಟರಿಗೆ ಇಳಿಜಾರಿನಲ್ಲಿ ಹುಟ್ಟುವ ವಿದ್ಯುತ್ತನ್ನು ಸೇರಿಸಿಕೊಳ್ಳಲು ಜಾಗವಿರುವುದಿಲ್ಲವಾದ್ದರಿಂದ ಮೋಟಾರಿನ ಹಿಡಿತ ಕಡಿಮೆಯಾಗಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ರಸ್ತೆ ಅಗಲವಾಗಿರುವಲ್ಲಿ ಬದಿಗೆ ತೆಗೆದು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ, ಬಿರುಕು ಬಿಡಲೂಬಹುದು; ಗಾಳಿಗೆ ತಾನಾಗಿ ಆರಬೇಕು. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಮರಳುತ್ತದೆ, ಲೋಬೀಮ್ ಸಾಕು. ಓಡುತ್ತಿರುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳುವುದರಿಂದ ನೀವು ಯಾವ ಕಡೆ ತಿರುಗುತ್ತೀರಿ ಎಂಬುದೇ ಹಿಂದಿನವರಿಗೆ ತಿಳಿಯುವುದಿಲ್ಲ.

ಬೇಸಿಗೆಯ ಸೀಸನ್ನಿನಲ್ಲಿ ಮೆಟ್ಟುಪಾಳ್ಯಂ ಕಡೆಯ ದಾರಿಯನ್ನು ಏಕಮುಖ ಮಾಡುತ್ತಾರೆ: ಹತ್ತುವವರು ಕೂನೂರಿನ ಮೇಲೆ, ಇಳಿಯುವವರು ಕೋಟಗಿರಿಯ ಮೇಲೆ. ಕೋಟಗಿರಿ ದಾರಿಯಲ್ಲಿ ನೋಟವೂ ಚೆನ್ನಾಗಿದೆ, ಗದ್ದಲವೂ ಕಡಿಮೆ. ಜೊತೆಯಲ್ಲಿ ಇಬ್ಬರು ಚಾಲಕರಿದ್ದರೆ ಇನ್ನೊಂದು ಉಪಾಯವಿದೆ. ಕುಟುಂಬದವರನ್ನು ಊಟಿಯಿಂದ ಕೂನೂರಿಗೆ ಗುಡ್ಡದ ರೈಲಿನಲ್ಲಿ ಕಳಿಸಿ, ಕಾರನ್ನು ಒಬ್ಬರು ತಂದು ಅಲ್ಲಿ ಕಾಯಬಹುದು. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಓಡುವ ಈ ಹಲ್ಲುಹಳಿಯ ರೈಲುಮಾರ್ಗ 1908ರಲ್ಲಿ ಊಟಿ ಮುಟ್ಟಿತು. 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಟಿಕೆಟ್ ಬೇಗ ಮುಗಿಯುವುದರಿಂದ ಇದನ್ನು ವಾರಗಳ ಮೊದಲೇ ಕಾದಿರಿಸಬೇಕು.

ತಿರುವಿನಲ್ಲಿ ವಾಂತಿಯಾಗುವವರಿಗೆ ಮುಂದಿನ ಸೀಟು ಕೊಡಿ, ಬೆಳಿಗ್ಗೆ ಎರಡು ಇಡ್ಲಿಗಿಂತ ಹೆಚ್ಚು ತಿನ್ನಿಸಬೇಡಿ, ಫೋನ್ ನೋಡಲು ಬಿಡಬೇಡಿ. ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ ಹೊರಡುವ ಅರ್ಧ ಗಂಟೆ ಮೊದಲೇ ಕೊಡಬೇಕು. ವಾಕರಿಕೆ ಶುರುವಾದ ಮೇಲೆ ಕೊಟ್ಟು ಪ್ರಯೋಜನವಿಲ್ಲ.

ವಸತಿ, ಊಟ, ಖರ್ಚು

ಕೋಣೆ ಕಾದಿರಿಸುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು, ನಮ್ಮ ಕಾರು ಬಾಗಿಲವರೆಗೆ ಬರುತ್ತದೆಯೇ ಎಂದು. ಮುನ್ನಾರ್‌ನ ಎಷ್ಟೋ ಎಸ್ಟೇಟ್ ಬಂಗಲೆಗಳಿಗೆ ಜೀಪು ಮಾತ್ರ ಹೋಗುತ್ತದೆ; ಜೀಪಿನ ಬಾಡಿಗೆ ಯಾರದೆಂದು ಮೊದಲೇ ಕೇಳಿ. ಊಟಿಯಲ್ಲಿ ಪಾರ್ಕಿಂಗ್, ಬಿಸಿನೀರಿನ ವೇಳೆ, ಹೀಟರಿಗೆ ಬೇರೆ ದುಡ್ಡೇ ಎಂಬುದನ್ನು ವಿಚಾರಿಸಬೇಕು. ಇರವಿಕುಳಂನಲ್ಲಿ ಸ್ವಂತ ವಾಹನಕ್ಕೆ ಪ್ರವೇಶವಿಲ್ಲ. ಅರಣ್ಯ ಇಲಾಖೆಯ ಬಸ್ಸಿನಲ್ಲೇ ಹೋಗಬೇಕಾದ್ದರಿಂದ ಆನ್‌ಲೈನ್‌ನಲ್ಲಿ ಬೆಳಗಿನ ಮೊದಲ ಸರದಿಯನ್ನು ಹಿಡಿಯುವುದು ಒಳಿತು. ಅಲ್ಲಿ ನೀಲಕುರಿಂಜಿ ನೋಡಬಹುದೆಂದು ಹೊರಟವರಿಗೆ ಒಂದು ಮಾತು: ಅದು ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು, ಕಳೆದ ಬಾರಿ ಅರಳಿದ್ದು 2018ರಲ್ಲಿ.

ಭಾಷೆಯ ತೊಂದರೆ ಹೆಚ್ಚಿಲ್ಲ. ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರವಾದದ್ದು. ಕೋಟಗಿರಿಯ ಸಂತೆಯಲ್ಲಿ ನಿಧಾನವಾಗಿ ಕನ್ನಡದಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಕೇರಳದ ಹೋಟೆಲುಗಳಲ್ಲಿ ಊಟಕ್ಕೆ ಕೆಂಪು ಕುಚ್ಚಲಕ್ಕಿ ಅನ್ನ ಬರುತ್ತದೆ, ಅಭ್ಯಾಸವಿಲ್ಲದವರು ಬಿಳಿ ಅನ್ನವೇ ಬೇಕೆಂದು ಮೊದಲೇ ಹೇಳಬೇಕು. ಕುಡಿಯಲು ಕೊಡುವ ತಿಳಿಗೆಂಪು ಬಿಸಿನೀರನ್ನು ಕಂಡು ಗಾಬರಿಪಡಬೇಡಿ. ಅದು ಪದಿಮುಗಂ ಚಕ್ಕೆ ಹಾಕಿ ಕುದಿಸಿದ ನೀರು.

ಇಂಧನಕ್ಕೆ ನಿಮ್ಮ ಕಾರು ಲೀಟರಿಗೆ ಎಷ್ಟು ಕೊಡುತ್ತದೋ ಅದರಲ್ಲಿ ಐದನೆಯ ಒಂದು ಪಾಲು ಕಳೆದು ಲೆಕ್ಕ ಹಾಕಿ, ಘಾಟಿ ಅಷ್ಟನ್ನು ತಿನ್ನುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರನ್ನು 12 ಎಂದು ಹಿಡಿದರೆ 1,400 ಕಿ.ಮೀ.ಗೆ ಸುಮಾರು 117 ಲೀಟರ್ ಆಗುತ್ತದೆ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿಯ ಸೆಸ್ ಸೇರಿ ಪೆಟ್ರೋಲ್ ದುಬಾರಿಯಾಗಿರುವುದರಿಂದ ಉಡುಮಲಪೇಟೆಯ ಬಂಕಿನಲ್ಲೇ ಟ್ಯಾಂಕ್ ತುಂಬಿಸಿಕೊಂಡರೆ ಮುನ್ನಾರ್‌ಗೆ ಹೋಗಿ ಮರಳುವವರೆಗೂ ಸಾಕಾಗುತ್ತದೆ. ಚೆಕ್‌ಪೋಸ್ಟಿನ ಶುಲ್ಕ, ಪಾರ್ಕಿಂಗ್, ಉದ್ಯಾನಗಳ ಟಿಕೆಟ್ಟಿಗೆ ಚಿಲ್ಲರೆ ನಗದು ಬೇರೆ ಇರಲಿ.

ಮರಳುವ ದಾರಿ

ಮುನ್ನಾರ್‌ನಿಂದ ಬಂದ ದಾರಿಯಲ್ಲೇ ಉಡುಮಲಪೇಟೆಗೆ ಇಳಿದು, ಪಲ್ಲಡಂ, ಅವಿನಾಶಿ, ಸತ್ಯಮಂಗಲದ ಮೇಲೆ ದಿಂಬಂ ಘಾಟಿ ಹತ್ತಿ ಚಾಮರಾಜನಗರಕ್ಕೆ ಬರುವುದು ಶಿವಮೊಗ್ಗಕ್ಕೆ ಹತ್ತಿರದ ದಾರಿ. 27 ಹೇರ್‌ಪಿನ್ ತಿರುವುಗಳ ಈ ಘಾಟಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಸಂಜೆ 6ರ ಮೇಲೆ ಭಾರಿ ಸರಕು ವಾಹನಗಳಿಗೂ, ರಾತ್ರಿ 9ರ ಮೇಲೆ ಕಾರುಗಳಿಗೂ ಬೆಳಿಗ್ಗೆ 6ರವರೆಗೆ ಬಣ್ಣಾರಿಯ ಗೇಟು ಮುಚ್ಚಿರುತ್ತದೆ. ಸಂಜೆ 6ಕ್ಕೆ ಸ್ವಲ್ಪ ಮೊದಲು ಲಾರಿಗಳು ಸಾಲುಗಟ್ಟಿ ನುಗ್ಗುವುದರಿಂದ ಆ ಹೊತ್ತನ್ನೂ ತಪ್ಪಿಸಬೇಕು. ಮಧ್ಯಾಹ್ನ ಮೂರರೊಳಗೆ ಬಣ್ಣಾರಿ ದಾಟಲಾಗದಿದ್ದರೆ ಸತ್ಯಮಂಗಲದಲ್ಲೇ ಉಳಿದು ಬೆಳಿಗ್ಗೆ ಹತ್ತುವುದು ಮೇಲು. ಮುನ್ನಾರ್‌ನಿಂದ ಬೆಳಿಗ್ಗೆ ಏಳಕ್ಕೆ ಹೊರಟವರಿಗೆ ಈ ಚಿಂತೆ ಬರುವುದಿಲ್ಲ.

ಸಮುದ್ರ ನೋಡುವ ಆಸೆಯಿಂದ ಕೇರಳದ ಕರಾವಳಿ ಹಿಡಿದು ಕೋಯಿಕ್ಕೋಡ್, ಕಾಸರಗೋಡು, ಮಂಗಳೂರು, ಆಗುಂಬೆ ಮಾರ್ಗವಾಗಿ ಬರುವವರೂ ಇದ್ದಾರೆ. ಅದಕ್ಕೆ ಇನ್ನೂ ಎರಡು ದಿನ ಬೇಕು. ಊರುಗಳ ಸಾಲು ಮುಗಿಯದ ಆ ದಾರಿಯಲ್ಲಿ ಗಾಡಿಯ ವೇಗವೂ ಕಡಿಮೆಯೇ.

ಮನೆಗೆ ಬಂದ ವಾರದಲ್ಲಿ ಬ್ರೇಕ್ ಪ್ಯಾಡ್, ಚಕ್ರಗಳ ಅಲೈನ್‌ಮೆಂಟ್ ಎರಡನ್ನೂ ಇನ್ನೊಮ್ಮೆ ತೋರಿಸಿ. ಫಾಸ್ಟ್ಯಾಗ್ ಖಾತೆಯ ಲೆಕ್ಕವನ್ನೂ ತೆಗೆದು ನೋಡಿ; ಒಂದೇ ಟೋಲ್‌ನಲ್ಲಿ ಎರಡು ಬಾರಿ ಹಣ ಕಡಿತವಾಗಿದ್ದರೆ 1033ಕ್ಕೆ ಅಥವಾ ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಡಬಹುದು. ಆ ದೂರಿಗೆ ಟೋಲ್ ದಾಟಿದ ದಿನಾಂಕ, ಸಮಯ ಎರಡೂ ಬೇಕಾಗುತ್ತವೆ.